ಎಂಟು ಸಾವಿರ ಹೆಜ್ಜೆ

ಎದೆಯಲ್ಲಿ ಪೇಸ್‌ಮೇಕರ್ ಇರುವವರೆಲ್ಲ ಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆಯಬೇಕು. ನಡೆದಷ್ಟೂ ಪಟ್ಟಿ ತುಂಬುತ್ತದೆ. ಸಂಜೆ ಅದನ್ನು ಎದೆಗೆ ಒತ್ತಿಕೊಂಡರೆ ಪೇಸ್‌ಮೇಕರ್ ಚಾರ್ಜ್ ಆಗುತ್ತದೆ. ನನಗೆ ನಡೆಯಲು ಬೇಸರ. ಮನೆಗೆಲಸದ ಫಕ್ಕೀರವ್ವನಿಗೂ ಪೇಸ್‌ಮೇಕರ್ ಇದೆ. ಒಬ್ಬರ ಮೈಮೇಲೆ ಒಂದೇ ಪಟ್ಟಿ ಕೆಲಸ ಮಾಡುತ್ತದೆಂದು ಗೊತ್ತಿದ್ದೂ ಅವಳ ಕಾಲಿಗೆ ನನ್ನದನ್ನೇ ಕಟ್ಟಿಸಿದೆ.

ತಿಂಗಳ ತಪಾಸಣೆಯಲ್ಲಿ ನರ್ಸ್ ನನ್ನ ಪಟ್ಟಿ ನೋಡಿದರು. "ದಿನಕ್ಕ ಎಂಟು ಸಾವಿರ ಹೆಜ್ಜಿ! ಎಲ್ಲಾರೂ ಚಪ್ಪಾಳಿ ಹೊಡೀರಿ."

ಸಾಲಿನಲ್ಲಿದ್ದವರೆಲ್ಲ ಹೊಡೆದರು. ನನ್ನ ಹಿಂದೆಯೇ ನಿಂತಿದ್ದ ಫಕ್ಕೀರವ್ವನೂ ಹೊಡೆದಳು.

ಅವಳ ಪಟ್ಟಿ ನೋಡಿ ನರ್ಸ್ ಗದರಿದರು. "ಬರೇ ಮುನ್ನೂರ? ಹಿಂಗ ಕುಂತರ ಎದಿ ನಿಂತ ಹೋಗತೈತಿ. ಸರನ್ನ ನೋಡಿ ಕಲಿ."

"ಕಲೀತೇನ್ರಿ ಸಿಸ್ಟರ್."

ಹೊರಗೆ ಬಂದು ಅವಳು ಕೈಚಾಚಿದಳು. "ನಿಮ್ಮ ಪಟ್ಟಿ ಕೊಡ್ರಿ ಸರ, ಕೆಲಸಕ್ಕ ಹೊತ್ತಾತು."

ಅವಳ ಮುಖ ನೋಡಲಾಗಲಿಲ್ಲ. ಬಗ್ಗಿ, ಪಟ್ಟಿ ಬಿಚ್ಚಿ ಕೊಟ್ಟುಬಿಟ್ಟೆ.