ಹಡಗಿನಿಂದ ಇಳಿದ ಅಣ್ಣ

ಬಾಣಲೆಯಲ್ಲಿ ಮೀನಿನ ತುಂಡುಗಳನ್ನು ಮಗುಚಿ ಹಾಕುತ್ತಿದ್ದಾಗ ಅವಳಿಗೆ ಹೊರಗಿನ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಗಿರಾಕಿ. ಈ ಬೀದಿಯವರು ಮೆಟ್ಟಿಲು ಹತ್ತಿದ್ದಕ್ಕೆಲ್ಲ ಏದುಸಿರು ಬಿಡುವವರಲ್ಲ.

"ಇಲ್ಲಿ ಕಡಿಮೆ ರೇಟಿಗೆ ಊಟ ಸಿಗುತ್ತೆ ಅಂದ್ರು. ಹೌದೇನಮ್ಮಾ?"

ಬೆಳಿಗ್ಗೆ ಬಂದು ನಿಂತ ಕ್ರೂಸ್ ಹಡಗಿನಿಂದ ಇಳಿದು ಬಂದಿದ್ದ ಗಂಡ ಹೆಂಡತಿ. ಗಂಡ ನಿವೃತ್ತ ಲೆಕ್ಕದ ಮೇಷ್ಟ್ರು. ದಡದ ಹೋಟೆಲಿನಲ್ಲಿ ಒಂದು ಲೋಟ ಹಣ್ಣಿನ ರಸದ ಬೆಲೆ ನೋಡಿಯೇ ಅವರಿಗೆ ಬಾಯಾರಿಕೆ ಹೋಗಿಬಿಟ್ಟಿತ್ತಂತೆ.

"ನಂದೊಂದು ಸೂತ್ರ," ಮೇಷ್ಟ್ರು ಕುರ್ಚಿ ಎಳೆದುಕೊಂಡರು. "ಕೂತ ಜಾಗದಿಂದ ಹಡಗು ಕಾಣಿಸಿದ್ರೆ ಅಲ್ಲಿ ಉಣ್ಣಬಾರದು. ಹೊಗೆ ಕೊಳವೆಯ ತುದಿ ಕಂಡ್ರೂ ಬೆಲೆ ಇಳಿದಿರಲ್ಲ."

"ಇವರ ಸೂತ್ರದ ದೆಸೆಯಿಂದ ನನ್ನ ಮಂಡಿ ಹೋಯ್ತು," ಅವರ ಹೆಂಡತಿ ಬೆಂಚಿನ ಮೇಲೆ ಕುಸಿದರು. "ಹಿಂದಿನ ಊರಲ್ಲಿ ನಡೆದೂ ನಡೆದೂ ಕೊನೆಗೆ ಸ್ಮಶಾನದಲ್ಲಿ ಕೂತು ಬ್ರೆಡ್ಡು ತಿಂದ್ವಿ."

"ಬಿಟ್ಟಿ ಬೆಂಚು ಕಣೇ ಅದು! ನೆರಳು ಬೇರೆ ಇತ್ತು!"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಿಸಿ ಮೀನು, ಬೇಯಿಸಿದ ಆಲೂಗಡ್ಡೆ, ಬಟಾಣಿ ಸೂಪು ತಂದಿಟ್ಟಳು.

ಬೋರ್ಡು ಇರಲಿಲ್ಲ. ಪರವಾನಗಿಯೂ ಇರಲಿಲ್ಲ. ಹಡಗು ಬಂದ ದಿನ ಮಾತ್ರ ಮುಂದಿನ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಆ ದಿನ ಬಂದರು ಕಚೇರಿಯವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಸಂಜೆಯವರೆಗೆ ಯಾರೂ ಈ ಕಡೆ ಸುಳಿಯುವುದಿಲ್ಲ ಎಂಬ ಧೈರ್ಯ.

ದುಡ್ಡು ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಊಟದ ನಡುವೆ ಯಾರಾದರೂ ತಲೆಯೆತ್ತಿ ಆಡುವ ಒಂದು ಮಾತು.

"ಏನು ಕೈ ರುಚಿ ರೀ ನಿಮ್ದು! ಇನ್ನೊಂಚೂರು ಹಾಕಿ," ಎಂದರು ಮೇಷ್ಟ್ರ ಹೆಂಡತಿ.

ಇದೇ ಆ ಮಾತು. ಇದನ್ನು ಕೇಳಿದ ದಿನ ಅವಳು ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳು.

ಕೆಳಗೆ ಬೂಟಿನ ಸದ್ದಾಯಿತು. ಅವಳು ಸೌಟು ಕೆಳಗಿಟ್ಟು ಪರದೆಯ ಸಂದಿಯಿಂದ ಇಣುಕಿದಳು. ಬಿಳಿ ಸಮವಸ್ತ್ರ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಬಂದರು ಕಚೇರಿಯ ಸಾಹೇಬರು. ಬೀದಿಯವರೆಲ್ಲ ಕರೆಯುತ್ತಿದ್ದುದು ಹಾಗೆ. ಅವಳೂ ಹಾಗೇ ಕರೆಯುತ್ತಿದ್ದಳು. ಹಿಂದೊಮ್ಮೆ ಇಬ್ಬರು ನಾವಿಕರಿಗೆ ಬಡಿಸುವಾಗ ಸಿಕ್ಕಿಬಿದ್ದಿದ್ದಳು. 'ಬಂದರು ಕಚೇರಿಯ ಮೂಗಿನ ಕೆಳಗೇ ವ್ಯಾಪಾರವಾ? ಇನ್ನೊಂದು ಸಲ ಕಣ್ಣಿಗೆ ಬಿದ್ರೆ ಒಲೆ ಕಿತ್ತು ಬೀದಿಗೆ ಎಸೀತೀನಿ' ಎಂದು ಅವರು ಬೀದಿಗೆಲ್ಲ ಕೇಳುವಂತೆ ಅಬ್ಬರಿಸಿದ್ದರು.

"ಸಾಹೇಬರು ಬಂದ್ರು," ಅವಳು ಪಿಸುಗುಟ್ಟಿದಳು. "ನೀವು ಗಿರಾಕಿ ಅಂತ ಗೊತ್ತಾದ್ರೆ ನನ್ನ ಕಥೆ ಮುಗೀತು. ಹಿತ್ತಲ ಬಾಗಿಲಿಂದ ಹೋಗಿಬಿಡಿ."

ಮೇಷ್ಟ್ರು ತಟ್ಟೆ ನೋಡಿದರು. ಅರ್ಧ ಮೀನು ಉಳಿದಿತ್ತು. "ಇದನ್ನ ಬಿಟ್ಟು ನಾನಂತೂ ಏಳಲ್ಲ."

ಸಾಹೇಬರು ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದರು. "ಏನಿದು? ಯಾರಿವರೆಲ್ಲ?"

"ಅಣ್ಣ!" ಮೇಷ್ಟ್ರು ತುಂಬಿದ ಬಾಯಲ್ಲೇ ಹೇಳಿದರು. "ನಾನು ಇವಳ ಅಣ್ಣ, ಸ್ವಾಮಿ. ಹಡಗಿನಲ್ಲಿ ಬಂದ್ವಿ. ತಂಗಿ ಇರೋ ಊರಲ್ಲಿ ಹೋಟೆಲಿಗೆ ಹೋಗಿ ಉಣ್ಣೋಕಾಗುತ್ತಾ?"

ಅವಳು ಕಣ್ಣು ಮುಚ್ಚಿಕೊಂಡಳು. ಮೇಷ್ಟ್ರು ಏಣಿಯ ಹಾಗೆ ಉದ್ದ, ಕೊಕ್ಕಿನಂಥ ಮೂಗು. ಅವಳು ಕುಳ್ಳಿ, ಗುಂಡುಮುಖ. ಹಾಲು ಕುಡಿಯುವ ಮಗುವೂ ನಂಬದ ಸುಳ್ಳು.

ಸಾಹೇಬರು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೇರ ಅಡುಗೆಕೋಣೆಗೆ ನುಗ್ಗಿದರು. ಪಾತ್ರೆಗಳ ಮುಚ್ಚಳ ಒಂದೊಂದಾಗಿ ಸದ್ದು ಮಾಡಿದವು.

"ತಪಾಸಣೆ," ಮೇಷ್ಟ್ರು ಹೆಂಡತಿಗೆ ಪಿಸುಗುಟ್ಟಿದರು.

"ಸೂಪಿಗೆ ಉಪ್ಪು ಕಡಿಮೆ," ಒಳಗಿನಿಂದ ದನಿ ಬಂತು.

"ಉಪ್ಪನ್ನೂ ಬಿಡಲ್ವಲ್ಲೇ ಈ ಇಲಾಖೆ!"

ಸಾಹೇಬರು ತಾವೇ ತಟ್ಟೆ ತುಂಬಿಸಿಕೊಂಡು ಬಂದು ಕಿಟಕಿಯ ಪಕ್ಕ ಕುಳಿತರು. "ಮಾಮೂಲು," ಮೇಷ್ಟ್ರು ಮತ್ತೆ ಪಿಸುಗುಟ್ಟಿದರು. "ಊಟದ ರೂಪದಲ್ಲಿ ವಸೂಲಿ."

"ಈಗ ಎಲ್ಲಿದೀರಿ?" ಸಾಹೇಬರು ಕೇಳಿದರು.

"ಮೇಷ್ಟ್ರಾಗಿದ್ದೆ. ನಿವೃತ್ತಿ ಆಯ್ತು."

"ಗೊತ್ತು, ಗೊತ್ತು." ತಮಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಏನೂ ಇಲ್ಲ ಎಂಬಂತಿತ್ತು ಸಾಹೇಬರ ದನಿ.

ಮೇಷ್ಟ್ರಿಗೆ ಹುರುಪು ಬಂತು. ತಂಗಿ ಮರ ಹತ್ತಿ ಇಳಿಯಲಾರದೆ ಅತ್ತದ್ದು, ತಾವು ಹೆಗಲು ಕೊಟ್ಟು ಇಳಿಸಿದ್ದು, ಅಮ್ಮ ಇಬ್ಬರಿಗೂ ಬಾರಿಸಿದ್ದು, ಒಂದರ ಹಿಂದೊಂದು ಹೊರಬಂದವು. ಬಾಗಿಲಿಗೆ ಒರಗಿ ನಿಂತು ಅವಳೂ ಕೇಳಿದಳು. ಬಾಲ್ಯ ಚೆನ್ನಾಗಿತ್ತು ಅನ್ನಿಸಿತು. ಸಾಹೇಬರು ಹೊಟ್ಟೆ ಕುಲುಕಿಸಿ ನಕ್ಕರು. ಕೊನೆಯ ಮೀನಿನ ತುಂಡನ್ನು ತಾವೇ ಮೇಷ್ಟ್ರ ತಟ್ಟೆಗೆ ಹಾಕಿದರು. "ತಗೊಳ್ಳಿ, ತಗೊಳ್ಳಿ, ಸಂಕೋಚ ಯಾಕೆ?"

ಹಡಗಿನ ಸೈರನ್ ಕೂಗಿತು. ಮೇಷ್ಟ್ರು ಎದ್ದರು. ಅಣ್ಣನಾದವನು ತಂಗಿಯ ಊಟಕ್ಕೆ ದುಡ್ಡು ಕೊಡುವುದುಂಟೇ? ಇಷ್ಟು ಅಗ್ಗದ ಊಟ ಯಾವ ಬಂದರಿನಲ್ಲೂ ಅವರಿಗೆ ಸಿಕ್ಕಿರಲಿಲ್ಲ, ಮುಖ ಹೊಳೆಯುತ್ತಿತ್ತು. ಅವರ ಹೆಂಡತಿ ಅವಳನ್ನು ಬಾಚಿ ತಬ್ಬಿಕೊಂಡರು. ಮಡಚಿದ ನೋಟುಗಳು ಅವಳ ಅಂಗೈಗೆ ಬಂದವು.

"ಅಣ್ಣ ಜಿಪುಣ," ಅವರು ಕಿವಿಯಲ್ಲಿ ಅಂದರು. "ಅತ್ತಿಗೆ ಅಲ್ಲ."

ಇಬ್ಬರೂ ತಿರುವಿನಲ್ಲಿ ಮರೆಯಾಗುವವರೆಗೆ ಸಾಹೇಬರು ಬಾಗಿಲಲ್ಲಿ ನಿಂತು ಕೈ ಬೀಸಿದರು. ಅವಳು ಮುಷ್ಟಿ ಬಿಗಿಹಿಡಿದು ನಿಂತಳು. ಇನ್ನು ಅಬ್ಬರ ಶುರು.

"ಒಳ್ಳೆ ಮನುಷ್ಯ ಕಣೇ ನಿಮ್ಮಣ್ಣ," ಸಾಹೇಬರು ಹಲ್ಲುಕಡ್ಡಿ ಆಡಿಸುತ್ತ ಹೇಳಿದರು. "ನಮ್ಮ ಮದುವೆಯಲ್ಲಿ ಹೇಗೆ ನೋಡಿದ್ದೆನೋ ಹಾಗೇ ಇದಾರೆ."

ಅಪ್ಪ ಅಮ್ಮನಿಗೆ ಒಬ್ಬಳೇ ಮಗಳಾಗಿ ಹುಟ್ಟಿದ ಅವಳು ಗಂಡನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮುಂದಿನ ಹಡಗಿನಲ್ಲಿ ಅಕ್ಕಂದಿರು ಬರಲಿ, ಅದರ ಮುಂದಿನದರಲ್ಲಿ ಸೋದರಮಾವಂದಿರು ಸಂಸಾರ ಸಮೇತ ಇಳಿಯಲಿ ಎಂದು, ಯಾರಿಗೂ ಹೇಳದೆ, ತೀರ್ಮಾನಿಸಿಕೊಂಡಳು.