ದೊಡ್ಡ ತನುಜಾಳ ಸಲಹೆ

ಸೀಟು ಹಂಚಿಕೆ ಕೇಂದ್ರದಲ್ಲಿ ಪ್ರತಿ ವಿದ್ಯಾರ್ಥಿಗೂ ಹತ್ತು ನಿಮಿಷ ಸಲಹೆ ಸಿಗುತ್ತದೆ. ಸಲಹೆ ಕೊಡುವವರು ಬೇರೆ ಯಾರೂ ಅಲ್ಲ, ಮೊದಲ ಆಯ್ಕೆಯ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಮುಗಿಸಿ ಭವಿಷ್ಯದಿಂದ ಬಂದ ಅದೇ ವಿದ್ಯಾರ್ಥಿ. ತನುಜಾಳ ಸರದಿ ಬಂದಾಗ ಏಳನೇ ಕೌಂಟರಿನಲ್ಲಿ ದೊಡ್ಡ ತನುಜಾ ಬಂದು ಕೂತಳು.

ತನುಜಾ ಪ್ರಶ್ನೆಗಳ ಹಾಳೆ ಬಿಡಿಸಿದಳು. ಅಷ್ಟರಲ್ಲೇ ಅವಳ ತಾಯಿ ಗಿರಿಜಮ್ಮ ಡಬ್ಬಿಯ ಮುಚ್ಚಳ ತೆಗೆದು ದೊಡ್ಡವಳ ಮುಂದೆ ಇಟ್ಟಾಗಿತ್ತು.

"ಎಷ್ಟು ಸೊರಗೋಗಿದ್ದೀಯೇ! ಮೊದ್ಲು ತಿನ್ನು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ."

"ಮೆಕ್ಯಾನಿಕಲ್ ತಗೊಳ್ಳೋದಾ, ಸಿವಿಲ್ಲಾ?" ಎಂದು ತನುಜಾ ಕೇಳಿದಳು.

ದೊಡ್ಡ ತನುಜಾ ಬಾಯಿ ತುಂಬಿಕೊಂಡು, ತಡಿ ಎಂದು ಕೈಸನ್ನೆ ಮಾಡಿದಳು.

"ಇಷ್ಟ ಆಗ್ಲಿಲ್ಲ ಅಂದ್ರೆ ಎರಡನೇ ವರ್ಷ ಕಾಲೇಜು ಬದಲಾಯಿಸ್ಬಹುದಾ?"

ದೊಡ್ಡವಳು ನಾಲ್ಕನೇ ರೊಟ್ಟಿ ಮುರಿದಳು.

ಗಂಟೆ ಹೊಡೆಯಿತು. ಡಬ್ಬಿಗೆ ಅಂಟಿದ್ದ ಚಟ್ನಿಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಲೇ ಅವಳು ಮಾಯವಾದಳು.

ಗಿರಿಜಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಆ ಹಾಸ್ಟೆಲಲ್ಲಿ ಊಟ ಹೆಂಗಿರ್ತದೆ ಅಂತ ಕೇಳೋದೇ ಮರ್ತೆ ಕಣೇ!"

ತನುಜಾ ಪೆನ್ನು ತೆಗೆದಳು. ಪಟ್ಟಿಯ ಮೊದಲ ಆಯ್ಕೆಯನ್ನು ಹೊಡೆದುಹಾಕಿ, ಮನೆಯಿಂದ ಬಸ್ಸಿನಲ್ಲಿ ದಿನಾ ಹೋಗಿಬರಬಹುದಾದ ಕಾಲೇಜಿನ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದಳು.