ಅನ್ನ ಇಳಿಯುವ ದಾರಿ

"ನಮ್ಮ ವೀಕ್ಷಾ ಆಹಾರದ ಮೇಲೆ ಸಂಶೋಧನೆ ಮಾಡ್ತಾಳೆ" ಎನ್ನುತ್ತಾ ವಿಮಲಾ ಬಿಸಿ ಗೋಳಿಬಜೆಯ ತಟ್ಟೆಯನ್ನು ಹೆಣ್ಣು ನೋಡಲು ಬಂದ ಗಂಡಿನ ತಂದೆಯತ್ತ ಸರಿಸಿದರು. ಮಗಳು ಅಮ್ಮನನ್ನು ದುರುಗುಟ್ಟಿ ನೋಡಿದಳು. ಬೆಳಗ್ಗಿನಿಂದ ಮನೆಯಲ್ಲಿ ಅಮ್ಮನದು ಇದೊಂದೇ ಪಾಠ: ಬಂದವರ ಮುಂದೆ ನಿನ್ನ ಆ ಕೆಲಸದ ಸುದ್ದಿ ಎತ್ತಬೇಡ.

ತಮಿಳು ಸೀಮೆಯ ಪೋರೂರಿನಲ್ಲಿ ಸಸ್ಯಾಹಾರಿ ಹೋಟೆಲು ಇಟ್ಟುಕೊಂಡಿದ್ದ ಸದಾನಂದ ರಾಯರಿಗೆ ಖುಷಿಯೋ ಖುಷಿ. "ಭೇಷ್! ನಮ್ಮ ಲೈನೇ ಆಯ್ತಲ್ಲ! ಮದುವೆ ಆದ ಮೇಲೆ ಕಾಲೇಜು ಗೀಲೇಜು ಬಿಟ್ಟು ಹೋಟೆಲು ನೋಡಿಕೊಂಡರೆ ಸಾಕು. ಎಂತ ಆಹಾರ ಮಗಾ, ಸಿರಿಧಾನ್ಯವಾ?" ಎಂದು ದೊಡ್ಡದೊಂದು ಗೋಳಿಬಜೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು.

"ಆಹಾರ ಅಲ್ಲ ಅಂಕಲ್, ಅದು ಇಳಿಯುವ ದಾರಿ. ಆಡಿನ ಅನ್ನನಾಳ."

ವಿಮಲಾ ಜೋರಾಗಿ ಕೆಮ್ಮಿದರು. ಆದರೆ ವೀಕ್ಷಾ ನಿಲ್ಲಿಸುವವಳಲ್ಲ.

"ಮಟನ್ ಅಂಗಡಿಗೆ ಹೋಗಿ ನಾನೇ ತರುದು. ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಒಯ್ದು, ಪಟ್ಟಿ ಪಟ್ಟಿ ಕತ್ತರಿಸಿ, ಮೆಷಿನ್ನಿಗೆ ಸಿಕ್ಕಿಸಿ ಹರಿಯುವ ತನಕ ಎಳೆಯುದು. ಉದ್ದಕ್ಕೆ ಎಳೆದರೆ ಗಟ್ಟಿ, ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ. ಕ್ಯಾನ್ಸರ್ ಆಗಿ ಅನ್ನನಾಳ ತೆಗೆಸಿಕೊಂಡವರಿಗೆ ಬದಲಿ ನಾಳ ಮಾಡಬೇಕಾದರೆ ಇದೆಲ್ಲ ಗೊತ್ತಿರಬೇಕಲ್ಲ?"

ರಾಯರು ಬಾಯಲ್ಲಿದ್ದದ್ದನ್ನು ಒಂದು ಕೆನ್ನೆಗೆ ತಳ್ಳಿ, "ಶಿವ ಶಿವಾ! ಅದೇ ಕೈಯಲ್ಲಿ ನಾಳೆ ನಮ್ಮ ದೇವರಿಗೆ ನೈವೇದ್ಯವಾ?" ಎಂದರು.

"ಚೆನ್ನಾಗಿ ಸೋಪು ಹಾಕಿ ತೊಳೆದ ಕೈ ಅಂಕಲ್. ಈಗ ನೀವು ತಿನ್ನುವ ಗೋಳಿಬಜೆಯನ್ನು ಎಣ್ಣೆಗೆ ಬಿಟ್ಟದ್ದೂ ಇದೇ ಕೈ."

ರಾಯರ ದವಡೆ ಅಲ್ಲೇ ನಿಂತಿತು.

"ಸಾಕು ಮಾರಾಯ್ತಿ" ಎಂದು ವಿಮಲಾ ಮಗಳ ತೋಳು ಹಿಂಡಿದರು. "ಆ ಕೆಲಸ ಬಿಡ್ತೇನೆ ಅಂತ ಒಂದು ಮಾತು ಹೇಳಿಬಿಡು."

"ಹೇಳುದಿಲ್ಲಮ್ಮ. ಬೇಕಾದರೆ ಈ ಸಂಬಂಧ ಬಿಡ್ತೇನೆ, ಅದನ್ನು ಬಿಡುದಿಲ್ಲ."

ಅಷ್ಟು ಹೊತ್ತೂ ಮೊಬೈಲಿನಲ್ಲೇ ಮುಳುಗಿದ್ದ ಗಂಡು ಚರಣ್ ತಲೆಯೆತ್ತಿ, "ಪೋಲಾಮಾಪ್ಪಾ?" ಎಂದು ತಮಿಳಿನಲ್ಲಿ ಕೇಳಿದ. ಹೋಗೋಣ ಎನ್ನಲು ರಾಯರಿಗೂ ಆಸೆಯೇ. ಆದರೆ ಬಾಯಿ ತುಂಬಾ ಗೋಳಿಬಜೆ. ಉಗುಳಿದರೆ ಮರ್ಯಾದೆ ಪ್ರಶ್ನೆ, ನುಂಗಲು ಮನಸ್ಸಿಲ್ಲ. ಕೆನ್ನೆ ಉಬ್ಬಿಸಿಕೊಂಡು ಕಣ್ಣು ಕಣ್ಣು ಬಿಡುತ್ತಾ ಕುಳಿತರು.

ವೀಕ್ಷಾ ನೀರಿನ ಲೋಟವನ್ನು ಅವರ ಮುಂದಿಟ್ಟಳು.

"ಧೈರ್ಯವಾಗಿ ನುಂಗಿ ಅಂಕಲ್. ಅಷ್ಟು ಸುಲಭಕ್ಕೆಲ್ಲ ಅನ್ನನಾಳ ಹರಿಯುದಿಲ್ಲ. ನಾನು ಎಳೆದು ನೋಡಿದ್ದೇನೆ."